ಆಫ್ರಿಕಾದ ಕಾವಲುಕೋಳಿಯ ಆರು ಮೊಟ್ಟೆಗಳು

1984ನೇ ಇಸವಿ ಜುಲೈ ಒಂಬತ್ತನೇ ತಾರೀಖು, ಸೋಮವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಸತ್ಯಮಂಗಲದ ಸಂತೆಬೀದಿಯಲ್ಲಿ ನನಗೆ ಮೋಸವಾಯಿತು. ಮೋಸ ಮಾಡಿದವರು ವಿದೇಶೀ ಪಶುಪಕ್ಷಿಗಳ ಒಬ್ಬ ವ್ಯಾಪಾರಿ. ಮೋಸಹೋದವನು, ಮೂವತ್ತೊಂದು ವರ್ಷ ಸರ್ವೆಯರಾಗಿ ಊರೂರ ಹೊಲಗಳನ್ನು ಅಳೆದು, ಒಂದು ಗೇಣು ನೆಲವನ್ನೂ ಅತ್ತಿತ್ತ ಮಾಡದೆ ನಿವೃತ್ತನಾದ ಈ ನಾನು!

ಮೂಲ ಕಾರಣ ಒಂದು ಬೆಲೆಪಟ್ಟಿ. ಜೂನ್ ತಿಂಗಳ ಪಿಂಚಣಿ ತರಲು ಬೆಟ್ಟ ಇಳಿದಿದ್ದಾಗ ಸದರಿ ಅಂಗಡಿಯವರು ಅದನ್ನು ನನ್ನ ಕೈಗೆ ತುರುಕಿದರು. ತಮಿಳಿನಲ್ಲಿ ಅಚ್ಚಾದ ಎರಡು ಪುಟ. ಯಾವ ಅಪೂರ್ವ ಪ್ರಾಣಿ ಯಾವ ಸೀಮೆಯಲ್ಲಿ ಸಿಗುತ್ತದೆಂಬ ವಿವರ. ಬಿಳಿ ಕಾಕಟೂ ಮದರಾಸಿನಲ್ಲಿ ಮಾತ್ರ. ಅಂಗೋರಾ ಮೊಲ ನೀಲಗಿರಿ ಮತ್ತು ಕೊಡೈಕಾನಲ್. ಲವ್ ಬರ್ಡ್ಸ್ ಕೊಯಮತ್ತೂರು, ಸೇಲಂ. ಬಿಳಿ ಇಲಿ ಎಲ್ಲಾ ಪಟ್ಟಣಗಳಲ್ಲಿ. ಎಲ್ಲಕ್ಕಿಂತ ಕೆಳಗೆ, ಕೊನೆಯ ಸಾಲು: ‘ತಾಳವಾಡಿ ಬೆಟ್ಟಪ್ರದೇಶ: ಯಾವುದೂ ಇಲ್ಲ.’

ಯಾವುದೂ ಇಲ್ಲ! ನಮ್ಮ ಸೀಮೆಯ ಮೇಲೆ ಇಂಥ ಷರಾ ಬರೆಯಲು ಇವರಿಗೆ ಅಧಿಕಾರ ಕೊಟ್ಟವರು ಯಾರು? ಆ ಕ್ಷಣದಲ್ಲೇ ನಿಶ್ಚಯಿಸಿದೆ. ಪಟ್ಟಿಯಲ್ಲಿರುವ ಒಂದಾದರೂ ಜೀವಿಯನ್ನು ನಮ್ಮೂರು ತಿಗನಾರೆಯಲ್ಲಿ ನೆಲೆಗೊಳಿಸುತ್ತೇನೆ! ಮುಂದಿನ ವರ್ಷ ಆ ಸಾಲನ್ನು ಅವರೇ ತಮ್ಮ ಕೈಯಾರೆ ಅಳಿಸಬೇಕು!

ಆಯ್ಕೆಯೂ ಕಷ್ಟವಾಗಲಿಲ್ಲ. ‘ಆಫ್ರಿಕಾದ ಕಾವಲುಕೋಳಿ: ಅನ್ಯ ಪ್ರಾಣಿ ಹೊಲಕ್ಕೆ ಕಾಲಿಟ್ಟ ಕೂಡಲೇ ಅರ್ಧ ಮೈಲಿ ಕೇಳುವಂತೆ ಕೂಗಿ ಓಡಿಸುತ್ತದೆ. ತಲೆಯ ಮೇಲೆ ಕಿರೀಟವಿದೆ. ಆರ್ಡರ್ ಮೇರೆಗೆ ಮೊಟ್ಟೆ ಮಾತ್ರ. ಇಪ್ಪತ್ತೆಂಟು ದಿನಕ್ಕೆ ಮರಿ.’ ನನ್ನ ಎರಡು ಎಕರೆ ಹದಿನಾಲ್ಕು ಸೆಂಟು ಕಡಲೆಕಾಯಿ ಹೊಲವನ್ನು ಆಗ ನವಿಲುಗಳು ಸೂರೆಗೊಳ್ಳುತ್ತಿದ್ದವು. ಬಿತ್ತಿದ ಬೀಜವನ್ನು ಮೊಳಕೆಗೆ ಮುಂಚೆ ಒಮ್ಮೆ, ಮೊಳಕೆಯಾದ ಮೇಲೆ ಇನ್ನೊಮ್ಮೆ ಕೆದಕಿ ತಿನ್ನುವ ಶಿಸ್ತು ಅವುಗಳದು. ಉತ್ತರದ ಬೇಲಿಯಲ್ಲಿ ಗೂಡೇ ಮಾಡಿದ್ದವು. ಜುಲೈ ಒಂದರಂದು ಸೈಕಲ್ಲಿನಲ್ಲಿ ಬಂದ ಅಪರಿಚಿತನೊಬ್ಬ ಆ ಗೂಡನ್ನು ಇಣುಕಿದಾಗ, “ಇದ್ದಷ್ಟನ್ನೂ ತೊಲಗಿಸಪ್ಪಾ!” ಎಂದು ನಾನೇ ಹುರಿದುಂಬಿಸಿ, ಸುತ್ತಿಕೊಳ್ಳಲು ಓದಿ ಮುಗಿಸಿದ ದಿನಪತ್ರಿಕೆಯ ಎರಡು ಹಾಳೆಗಳನ್ನೂ ದಾನ ಮಾಡಿದ್ದೆ. ಒಂದು ಗೂಡು ಖಾಲಿಯಾದರೇನು? ಕಾಡು ತುಂಬ ನವಿಲು! ಕಾವಲು ಬೇಕೇ ಬೇಕಾಗಿತ್ತು.

ನನ್ನ ಯೋಜನೆಯನ್ನು ಮನೆಯಲ್ಲಿ ಮಂಡಿಸಿದೆ. ನನ್ನ ಹೆಂಡತಿ ಶಾಂತಮಲ್ಲಮ್ಮ ಕಾಳು ಹಸನು ಮಾಡುತ್ತಿದ್ದವಳು ಮೊರವನ್ನು ಕೆಳಗಿಟ್ಟಳು.

“ನವುಲ್ ಕಾಯಕ್ಕ ಕೋಳಿ. ಆ ಕೋಳಿ ಕಾಯಕ್ಕ ಯಾರು?”

“ಅದು ಕಾಯುವ ಕೋಳಿ. ಕಾಯಿಸಿಕೊಳ್ಳುವ ಕೋಳಿಯಲ್ಲ.”

“ನೋಡಿ, ನಮ್ ಮನ ಒಳಕ್ಕ ತಲತಲಾಂತ್ರದಿಂದ ಮೊಟ್ಟ ಬಂದಿಲ್ಲ. ನೀವು ಆಫ್ರಿಕಾದ್ದಾರಾ ತನ್ನಿ, ಅಮೆರಿಕಾದ್ದಾರಾ ತನ್ನಿ, ಹೊಸ್ಲು ದಾಟಂಗಿಲ್ಲ!”

ನಾನು ಹೊಸ್ತಿಲಿನ ವಿಷಯದಲ್ಲಿ ವಾದಿಸಲಿಲ್ಲ. ನಮ್ಮ ಹೊಲದಲ್ಲಿ ದುಡಿಯುವ, ಹೊಲದ ಪಕ್ಕದಲ್ಲೇ ಇರುವ ಕೆಂಚಮ್ಮನ ಮನೆಯಲ್ಲಿ ಒಂದು ಕೆಂಪು ಹೇಂಟೆ ಕಾವಿಗೆ ಕುಳಿತಿರುವ ಸಂಗತಿಯನ್ನು ಮೊದಲೇ ವಿಚಾರಿಸಿಟ್ಟಿದ್ದೆ. ಸರ್ವೆಯರು ಸರ್ವೆಯರೇ!

ಅಂಚೆಯಲ್ಲಿ ಆರ್ಡರ್ ಕಳಿಸಿದೆ. ಹೀಗೆ ಜುಲೈ ಒಂಬತ್ತು ಬಂತು. ಅಂಗಡಿಯವರು ಆರು ಮೊಟ್ಟೆಗಳನ್ನು ಹೊರತಂದರು. ನಾನು ಮುಟ್ಟಲಿಲ್ಲ; ಸೋಮವಾರ ಬೇರೆ, ಹಣೆಯ ಮೇಲೆ ವಿಭೂತಿ ಬೇರೆ. ಮುಖ ಆಚೆ ತಿರುಗಿಸಿ ನನ್ನ ಮೂರು ಡಬ್ಬಿಯ ಊಟದ ಕ್ಯಾರಿಯರನ್ನು ಮುಂದೆ ಚಾಚಿದೆ. ಅವರು ಹಳೆಯ ಕಾಗದ ಹಾಸಿ ಡಬ್ಬಿಗೆ ಎರಡರಂತೆ ಇಟ್ಟು, ಮನೆಗೆ ಹೋಗುವವರೆಗೂ ತೆಗೆಯಬಾರದೆಂದರು.

“ಆಫ್ರಿಕಾದಿಂದ ಬರಲು ಎಷ್ಟು ದಿನ ಹಿಡಿಯಿತು?” ಎಂದು ಕೇಳಿದೆ.

“ವಿಮಾನ ಸಾರ್, ವಿಮಾನ!” ಎಂದು ಅವರು ಕೈಯನ್ನು ಆಕಾಶಕ್ಕೆ ಹಾರಿಸಿದರು.

ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕುಳಿತವನು ರುದ್ರಸ್ವಾಮಿ, ನನ್ನ ಹೆಂಡತಿಯ ಚಿಕ್ಕಪ್ಪನ ಮಗ. ಬಾಯಿ ಸುಮ್ಮನಿರುವ ಪ್ರಾಣಿಯಲ್ಲ.

“ಬಾವ, ಕ್ಯಾರಿಯರ್‌ನಲ್ಲಿ ಯಾನ?”

ನಾನು ಸುಳ್ಳಾಡುವವನಲ್ಲ. “ಮನೆಗೆ ಹೋಗುವವರೆಗೂ ತೆಗೆಯಬಾರದೆಂದು ಕೊಟ್ಟವರು ಹೇಳಿದ್ದಾರೆ” ಎಂದೆ. ಇದು ನೂರಕ್ಕೆ ನೂರು ಸತ್ಯ.

“ಓಹೋ! ಸೋಮಾರ! ಪ್ರಸಾದ!”

“ನಾನು ಹಾಗೆ ಹೇಳಲಿಲ್ಲ.”

“ನೀವು ಹೇಳ್ಬ್ಯಾಡಿ ಬಾವ, ಮುಖದಲ್ಲೇ ಕಾಣ್ತದ ಭಕ್ತಿ. ತನ್ನಿ ಇಲ್ಲಿ, ನೆಲದ ಮ್ಯಾಲ ಇಡಂಗಿದ್ದದಾ?”

ನನ್ನ ಕೈಯಿಂದ ಕಿತ್ತುಕೊಂಡು ಕಣ್ಣಿಗೊತ್ತಿಕೊಂಡ! ಮಡಿಲಲ್ಲಿಟ್ಟುಕೊಂಡ! ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನೂ, ತಿರುವಿಗೊಮ್ಮೆ ‘ಶಿವಾ’ ಎನ್ನುತ್ತ, ಹಸುಗೂಸಿನಂತೆ ಅಪ್ಪಿಕೊಂಡು ಕುಳಿತ. ನನ್ನ ಎದೆ ಎಷ್ಟು ಬಡಿದುಕೊಂಡಿತೆಂಬುದನ್ನು ಅಳೆಯುವ ಸಾಧನ ನಮ್ಮ ಇಲಾಖೆಯಲ್ಲಿರಲಿಲ್ಲ. ಒಂದು ಮಾತು ನಿಜ: ಅವನ ಭಕ್ತಿಯಿಂದಲೇ ಒಂದು ಮೊಟ್ಟೆಯೂ ಒಡೆಯಲಿಲ್ಲ.

ಕೆಂಚಮ್ಮ ಮೊದಲ ಡಬ್ಬಿಯ ಮುಚ್ಚಳ ತೆಗೆದವಳೇ ನನ್ನ ಮುಖ ನೋಡಿದಳು.

“ಬುದ್ಧಿ, ಇವ ಎಲ್ಲಿಂದ ತಂದ್ರಿ?”

“ಆಫ್ರಿಕಾದಿಂದ.”

“ಅದು ಗುಂಡ್ಲುಪೇಟ ತಾವಾ?”

“ಸಮುದ್ರದ ಆಚೆ, ಕೆಂಚಮ್ಮ!”

“ನವುಲೂ ಸಮುದ್ರ ದಾಟ್ತಾವಾ? ಇವು ನವುಲ್ ಮೊಟ್ಟ ಕಣಾ ಬುದ್ಧಿ. ಕೋಳಿದು ಇಷ್ಟ್ ದಪ್ಪ ಎಲ್ಲದ?”

“ಆಫ್ರಿಕಾ ದೊಡ್ಡ ಖಂಡ. ಮೊಟ್ಟೆಯೂ ದೊಡ್ಡದಿರುತ್ತದೆ.” ಬೆಲೆಪಟ್ಟಿಯನ್ನು ಬಿಡಿಸಿ ಸ್ಪಷ್ಟವಾಗಿ ಓದಿ ಹೇಳಿದೆ. “ಇದು ಅಚ್ಚಾಗಿರುವ ವಿಷಯ!”

“ಪಟ್ಟಿಗ ಗೊತ್ತಿಲ್ದೆ ಇರ್ಬೈದು ಬುದ್ಧಿ. ಇರ್ಲಿ ಬುಡಿ, ಕೂರುಸ್ತೀನಿ. ಒಡ್ದು ಈಚ್ಗ ಬಂದ್ಮೇಲ ಅವೇ ಹೇಳ್ತಾವ.”

ಜೀವಮಾನದಲ್ಲಿ ಮೊಟ್ಟೆಯನ್ನು ಕೈಯಿಂದ ಮುಟ್ಟದ ನಾನು, ದಿನವೂ ಮೊಟ್ಟೆ ಎತ್ತುವ ಹೆಂಗಸಿಗೆ ಪಾಠ ಹೇಳಿ ಮನೆಗೆ ಬಂದೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಆಗಸ್ಟ್ ಆರು, ಪುನಃ ಸೋಮವಾರ, ಇಪ್ಪತ್ತೆಂಟನೆಯ ದಿನ ಐದು ಮರಿಗಳು ಹೊರಬಂದವು. ಪಟ್ಟಿಯಲ್ಲಿ ಹೇಳಿದ್ದೂ ಇಪ್ಪತ್ತೆಂಟೇ ದಿನ! ಊರಿನಲ್ಲಿ ನನ್ನ ನಡಿಗೆ ಬದಲಾಯಿತು. ಕೆಲವು ದಿನ ಕಳೆದು ಮರಿಗಳ ನೆತ್ತಿಯ ಮೇಲೆ ಏನೋ ಮೊಳೆಯಿತು.

“ಕಿರೀಟ!” ಎಂದು ಕೂಗಿದೆ.

“ಜುಟ್ಟು ಬುದ್ಧಿ,” ಎಂದಳು ಕೆಂಚಮ್ಮ.

ಇನ್ನೂ ಕೆಲವು ದಿನಕ್ಕೆ ಆ ಐದೂ ಹುಣಿಸೆಮರದ ಕೊಂಬೆಗೆ ಹಾರಿ ಕುಳಿತವು. ಕೆಳಗೆ ಕೆಂಪು ಹೇಂಟೆ, ಮಕ್ಕಳು ಕೆಟ್ಟುಹೋದವೆಂದು ರೆಕ್ಕೆ ಬಡಿದು ಗೋಳಾಡಿತು. ನನಗೂ ಸಣ್ಣದೊಂದು ಸಂಶಯ ಬಂತು. ಅದನ್ನು ಕಡತದಲ್ಲಿಡದೆ ಬದಿಗಿಟ್ಟೆ.

ಸೆಪ್ಟೆಂಬರ್ ಹದಿನೇಳು. ಅದೂ ಸೋಮವಾರವೇ! ಬೆಳಿಗ್ಗೆ ನನ್ನ ಐವರು ಕಾವಲುಗಾರರನ್ನು ಕಡಲೆಕಾಯಿ ಹೊಲಕ್ಕಿಳಿಸಿ ಬದುವಿನ ಮೇಲೆ ನಿಂತೆ. ಕಾಡಿನ ಕಡೆಯಿಂದ ಮೂರು ಹೆಣ್ಣು ನವಿಲುಗಳು ಬಂದವು. ಈಗ ಕೂಗುತ್ತವೆ, ಅರ್ಧ ಮೈಲಿ ಕೇಳುತ್ತದೆ ಎಂದು ನಾನು ಕಿವಿ ಮುಚ್ಚಿಕೊಳ್ಳಲೂ ಸಿದ್ಧನಾದೆ. ಕಾವಲುಗಾರರು ಓಡಿದರು. ಓಡಿಸಲಿಕ್ಕಲ್ಲ! ಸೋದರತ್ತೆಯರು ಬಂದಂತೆ ಎದುರುಗೊಂಡು, ಎಲ್ಲಿ ಕಾಯಿ ಬಲಿತಿದೆಯೆಂದು ತೋರಿಸಿಕೊಟ್ಟು, ಜೊತೆಗೆ ತಾವೂ ಕೆದಕತೊಡಗಿದರು. ಕಳ್ಳರನ್ನು ಹಿಡಿಯಲು ಕಳ್ಳರ ಮಕ್ಕಳನ್ನೇ ಸಾಕಿದ್ದೆ!

ಆ ಹೊತ್ತಿಗೇ ಸರಿಯಾಗಿ ಬೆನ್ನ ಹಿಂದೆ ಬೂಟಿನ ಸದ್ದು. ಫಾರೆಸ್ಟ್ ಗಾರ್ಡ್ ಬಿಳಿಗಿರಿ.

“ನಮಸ್ಕಾರ ಸಾರ್. ನೀವು ನವುಲ್ ಸಾಕೀರಿ ಅಂತ ಸುದ್ದಿ ಬಂದದ. ರಾಷ್ಟ್ರಪಕ್ಷಿ ಸಾರ್. ಎಪ್ಪತ್ತೆರಡ್ನೇ ಇಸ್ವಿ ಕಾಯ್ದೆ. ಕೇಸಾದ್ರ ಜೈಲು.”

ಜೈಲೆಂದರೆ ನನಗೆ ಅಷ್ಟು ಭಯವಾಗಲಿಲ್ಲ. ಜೈಲಿಗೆ ಹೋದವನಿಗೆ ಪಿಂಚಣಿ ನಿಲ್ಲುತ್ತದೆ! ಮೂವತ್ತೊಂದು ವರ್ಷ ಬಿಸಿಲಿನಲ್ಲಿ ಊರೂರು ಅಳೆದು ಸಂಪಾದಿಸಿದ ಪಿಂಚಣಿ, ಐದು ನವಿಲುಮರಿಗಳ ಕಾಲಡಿಯಲ್ಲಿ! ಕಳೆ ಕೀಳುತ್ತಿದ್ದ ಕೆಂಚಮ್ಮ ಸೊಂಟ ಹಿಡಿದು ಎದ್ದಳು.

“ಸಾಕೋದಾ? ಯಾರು? ಬನ್ನಿ ಸ್ವಾಮಿ, ನಮ್ ಕೋಳಿಗೂಡ್ನೇ ನೋಡಿ. ಒಂದ್ ಪುಕ್ಕ ಸಿಕ್ರ ಹೇಳಿ. ಅವೇ ಬತ್ತಾವ, ಅವೇ ತಿಂತಾವ, ಅವೇ ಓಯ್ತಾವ. ನಷ್ಟ ನಮ್ ಬುದ್ಧಿಯೋರ್ಗ, ಕೇಸೂ ನಮ್ ಬುದ್ಧಿಯೋರ್ಗಾ?”

ಬಿಳಿಗಿರಿ ಗೂಡನ್ನು ಬಗ್ಗಿ ನೋಡಿದ. ಖಾಲಿ. ಹೊಲವನ್ನು ನೋಡಿದ. ಎಂಟು ನವಿಲು, ನಡುವೆ ಒಂದು ಕೆಂಪು ಹೇಂಟೆ.

“ಆ ಕೋಳಿ ಅಲ್ಲಿ ಯಾನ ಮಾಡ್ತಾ ಅದ?”

“ಮೇಯ್ತಾ ಅದ.”

“ನವುಲ್ ಜೊತೇಲಾ?”

“ಕೋಳಿಗ ಕಾಯ್ದೆ ಗೊತ್ತಾ ಸ್ವಾಮಿ?”

ಅವನಿಗೆ ನಗು ಬಂತು. ನನಗೆ ಉಸಿರು ಬಂತು. ಆದರೆ ಹೊರಟವನು ತಿರುಗಿ ನಿಂತ.

“ಇನ್ನೊಂದು ಸಾರ್. ಸೈಕಲ್ಲೋನೊಬ್ಬ ಈ ಕಡ ಬಂದು ನವುಲ್ ಮೊಟ್ಟ ಕದ್ದು ಸತ್ಯಮಂಗಲಕ್ಕ ಮಾರ್ತಾವ್ನಂತ. ಗೂಡ್ ತೋರ್ಸ್ಕೊಟ್ಟೋರ್ ಮ್ಯಾಲೂ ಕೇಸದ. ನೀವ್ ಏನಾರಾ ಅವನ್ನ ನೋಡಿದ್ರಾ?”

ಸುಳ್ಳಾಡದ ನನ್ನ ನಾಲಿಗೆ ಸತ್ಯವನ್ನು ಹೊತ್ತುಕೊಂಡು ಹಲ್ಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಶಾಂತಮಲ್ಲಮ್ಮ ಮಜ್ಜಿಗೆ ಚೊಂಬು ಹಿಡಿದು ನಡುವೆ ಬಂದಳು.

“ಅವ್ರ್ ಯಾನ ನೋಡಾರು ಕಣಪ್ಪ! ಪೇಪರ್ ಹಿಡ್ದು ಕೂತ್ರ ಆನೆ ಬಂದು ಪಕ್ಕದಲ್ಲಿ ಕೂತ್ರೂ ಕಾಣದು. ತಕೊ, ಮಜ್ಜಿಗ ಕುಡಿ.”

ಕುಡಿದ. ಬಾಯಿ ಒರೆಸಿಕೊಂಡ. ಹೋದ! ಅವನ ಖಾಕಿ ಟೋಪಿ ಬೇಲಿಯ ಆಚೆ ಮರೆಯಾಗುವವರೆಗೂ ಎಣಿಸಿದೆ: ನೂರ ಹನ್ನೆರಡು ಹೆಜ್ಜೆ. ನಿವೃತ್ತನಾದ ದಿನವೂ ನನಗೆ ಅಷ್ಟು ಹಗುರವಾಗಿರಲಿಲ್ಲ.

ಮನೆಗೆ ಬಂದ ಮೇಲೆ ಅವಳು ಸೆರಗಿನ ಗಂಟಿನಿಂದ ಮುದುಡಿದ ಕಾಗದವೊಂದನ್ನು ತೆಗೆದು ನನ್ನ ಮುಂದೆ ಬಿಡಿಸಿದಳು.

“ಕ್ಯಾರಿಯರ್ ಡಬ್ಬೀಲಿ ಆಸಿದ್ದು. ಕೆಂಚಮ್ಮ ಗೂಡ್ಗ ಆಕಿದ್ಲು. ಬೆಳಿಗ್ಗ ಗೂಡ್ ಗುಡಿಸ್ವಾಗ ಸಿಕ್ತಂತ, ತಂದ್ ಕೊಟ್ಲು.”

ದಿನಪತ್ರಿಕೆಯ ಹಾಳೆ. ‘ತಾಳವಾಡಿಯಲ್ಲಿ ಮಳೆ: ಹನ್ನೆರಡು ಮಿಲಿಮೀಟರ್.’ ಅದರ ಮೇಲೆ ಕೆಂಪು ಶಾಯಿಯ ಗೀಟು. ಪಕ್ಕದಲ್ಲಿ: ‘ತಪ್ಪು. ಇಪ್ಪತ್ತೊಂದು.’ ಕೆಳಗೆ, ಪತ್ರಿಕೆಯ ತಪ್ಪನ್ನು ತಿದ್ದಿದಾಗಲೆಲ್ಲ ನಾನು ಹಾಕುವ ಪೂರ್ಣ ರುಜು. ತಾರೀಖು 30-6-84.

ಶಾಂತಮಲ್ಲಮ್ಮ ಕೇಳಿದಳು: “ಆಫ್ರಿಕಾದೋರೂ ನೀವು ತಿದ್ದಿದ್ ಪೇಪರ್‌ನೇ ಓದ್ತಾರಾ?”

ನನ್ನ ಬೇಲಿಯ ಮೊಟ್ಟೆಗಳು! ನನ್ನದೇ ಅಪ್ಪಣೆಯಿಂದ ಹೊರಟು, ಇಪ್ಪತ್ತೇಳು ತಿರುವು ಇಳಿದು, ವಿದೇಶಿಯರಾಗಿ, ಪುನಃ ಇಪ್ಪತ್ತೇಳು ತಿರುವು ಹತ್ತಿ, ಬೇಲಿಯಿಂದ ಎಂಬತ್ತು ಗಜ ದೂರದ ಕೋಳಿಗೂಡಿಗೆ ನನ್ನ ಖರ್ಚಿನಲ್ಲೇ ಬಂದಿಳಿದಿದ್ದವು. ಸಾಕ್ಷ್ಯಪತ್ರವನ್ನು ಅವಳು ಒಲೆಗೆ ಹಾಕಿದಳು. ಆ ಉರಿಯಲ್ಲಿ ಕಾದ ಕಾಫಿಯಷ್ಟು ರುಚಿಯಾದ ಕಾಫಿಯನ್ನು ನಾನು ಅದುವರೆಗೆ ಕುಡಿದಿರಲಿಲ್ಲ.

ಇದನ್ನೆಲ್ಲ ಬರೆಯುವಾಗ ಅವಳು ಎಚ್ಚರಿಸಿದಳು: “ಬರದ್ರೆ ಬರ್ಕಳಿ, ಕೆಳಗ ಮಾತ್ರ ರುಜು ಆಕ್ಬುಟ್ಟೀರಿ!” ಆದುದರಿಂದ ರುಜು ಹಾಕಿಲ್ಲ, ನಾನು ಯಾರೆಂಬುದು ಯಾರಿಗೂ ತಿಳಿಯುವಂತಿಲ್ಲ.

ಸಂತೆಬೀದಿಯ ಸದರಿ ವ್ಯಾಪಾರಿಗಳೇ, ನಿಮ್ಮಲ್ಲಿ ನನ್ನ ಆಗ್ರಹ ಎರಡು. ನಿಮ್ಮ ಬೆಲೆಪಟ್ಟಿಯ ‘ತಾಳವಾಡಿ ಬೆಟ್ಟಪ್ರದೇಶ: ಯಾವುದೂ ಇಲ್ಲ’ ಎಂಬ ಸಾಲನ್ನು ಹೊಡೆದುಹಾಕಿ, ಆ ಜಾಗದಲ್ಲಿ ‘ಆಫ್ರಿಕಾದ ಕಾವಲುಕೋಳಿ: ತಿಗನಾರೆ, ಸರ್ವೆ ನಂಬರ್ 214/2, ಉತ್ತರದ ಬೇಲಿ, ಪ್ರತಿದಿನ ಬೆಳಿಗ್ಗೆ ಆರು ಗಂಟೆಗೆ’ ಎಂದು ಅಚ್ಚು ಹಾಕಿಸತಕ್ಕದ್ದು. ಮತ್ತು ನಾನು ಸೈಕಲ್ಲಿನವನಿಗೆ ಕೊಟ್ಟದ್ದು ಎರಡು ಹಾಳೆ, ನನಗೆ ಮರಳಿ ಬಂದದ್ದು ಒಂದೇ. ಇನ್ನೊಂದನ್ನು ಈ ಕೂಡಲೇ ಹಿಂದಿರುಗಿಸತಕ್ಕದ್ದು. ಅದರಲ್ಲಿ ಒಂದಲ್ಲ, ನಾಲ್ಕು ತಪ್ಪುಗಳನ್ನು ತಿದ್ದಿದ್ದೇನೆ. ನಾಲ್ಕಕ್ಕೂ ರುಜು ಹಾಕಿದ್ದೇನೆ!