ಪುಟ್ಟಮಾದುವಿನ ಚಕ್ರದ ಗೂಡು

ಬೇಗೂರಿನ ಗುರುಮಲ್ಲಯ್ಯನವರ ಪೂಜೆಯ ಬುಟ್ಟಿಯಲ್ಲಿ, ಆಗತಾನೇ ಕಿತ್ತಿಟ್ಟ ಬಿಲ್ವಪತ್ರೆಯ ಮೇಲೆ, ಒಂದು ಬೆಚ್ಚನೆಯ ಮೊಟ್ಟೆ ಇತ್ತು. ಹಿಂಮನೆಯ ಪುಟ್ಟಮಾದುವಿನ ಗ್ರಹಚಾರ ಕೆಡಲು ಅಷ್ಟೇ ಸಾಕಾಯಿತು.

"ಲಿಂಗಪೂಜೆ ಮಾಡೋ ಮನೇಲಿ ಮೊಟ್ಟೆ ಇಕ್ತದಲ್ಲೋ ನಿನ್ ಕೋಳಿ!" ಗುರುಮಲ್ಲಯ್ಯನವರು ಹಿತ್ತಲ ಬಾಗಿಲಲ್ಲಿ ನಿಂತು ಗುಡುಗಿದರು. "ಸಂಜೆ ನಾನು ಚಾಮರಾಜನಗರದಿಂದ ಬರೋ ಹೊತ್ಗೆ ಒಂದೇ ಒಂದು ಕೋಳಿ ಈ ಹಿತ್ಲಲ್ಲಿ ಕಂಡ್ರೆ, ನಾಳೆ ಅಷ್ಟನ್ನೂ ಗುಂಡ್ಲುಪೇಟೆ ಸಂತೇಲಿ ಮಾರ್ಬುಡ್ಬೇಕು!"

"ಆಗ್ಲಿ ಬುದ್ಧೀ," ಎಂದ ಪುಟ್ಟಮಾದು. ಅವರ ಹೊಲದಲ್ಲೇ ಕೂಲಿ ಮಾಡುವವನು ಇನ್ನೇನು ಹೇಳಿಯಾನು?

ಹೆಂಡತಿ ಚಿಕ್ಕನಿಂಗಮ್ಮ ಹಣೆ ಚಚ್ಚಿಕೊಂಡಳು. "ಮಗ್ಳು ಹೆತ್ತು ಒಂಬತ್ತು ದಿನ ಆಯ್ತು. ಕೋಳಿ ಮಾರ್ಬುಟ್ಟು ಬಾಣಂತಿಗೆ ಏನ್ ಬೇಯ್ಸಿಕ್ಲಿ? ನಿನ್ ತಲೆಯಾ?"

ಅಷ್ಟರಲ್ಲಿ ಬಂದ, ಬಡಗಿ ಮಾದಣ್ಣ. ಗುರುಮಲ್ಲಯ್ಯನವರ ಹಿತ್ತಲಿನ ಹಳೇ ಬಾಗಿಲು ಕಿತ್ತು ಹೊಸದು ಕೂರಿಸಲು ಬಂದವನು ಅವನು. ಆದರೆ ಇನ್ನೊಬ್ಬರ ಕಷ್ಟ ಕಂಡರೆ ಮಾದಣ್ಣನಿಗೆ ಸ್ವಂತ ಕೆಲಸ ಮರೆತುಹೋಗುತ್ತದೆ.

"ಚಕ್ರದ ಗೂಡು ಮಾಡ್ಬುಡನ ಕಣ್ಲಾ! ಹೊಲಕ್ಕೆ ತಳ್ಬುಟ್ರೆ ತೀರ್ತು."

ಮನೆ ಹಿಂದಿನ ಹೊಲದ ಲಿಂಗಯ್ಯ ಎರಡು ಹಳೇ ಚಕ್ರ ಉರುಳಿಸಿಕೊಂಡು ಬಂದ. ಒಂದು ದೊಡ್ಡದು, ಒಂದು ಚಿಕ್ಕದು. "ಗೂಡು ನನ್ ಹೊಲ್ದಲ್ಲೇ ನಿಲ್ಬೇಕು ಮತ್ತೆ. ಗೊಬ್ಬರ ನಂದು," ಎಂದ. ಗೂಡಿನ ತಳಕ್ಕೆ ಪುಟ್ಟಮಾದು ಅಪ್ಪನ ಕಾಲದ ಮುರುಕು ಮಂಚ ತಂದ. ಸೀಮೆಎಣ್ಣೆ ಡಬ್ಬ ಬಡಿದು ಸೂರು ಮಾಡಿದರು. ಗೋಡೆಗೆ ಹಲಗೆ ಸಾಲಲಿಲ್ಲ. ಗುರುಮಲ್ಲಯ್ಯನವರ ಹಳೇ ಬಾಗಿಲನ್ನೇ ಮಾದಣ್ಣ ಕಿತ್ತು ತಂದ.

"ಬುದ್ಧಿಯೋರು ಬಯ್ಯಲ್ವಾ ಮಾದಣ್ಣ?"

"ಹೊಸದು ಮಧ್ಯಾಹ್ನಕ್ಕೆ ಕೂರ್ಸ್ತೀನಿ, ಸುಮ್ಕಿರ್ಲಾ."

ಕೊನೆಗೆ ಗೂಡಿನ ಕಿಟಕಿ ಉಳಿಯಿತು. ಪ್ರತಿ ಸಂಜೆ ಜಗುಲಿಯ ಮೇಲೆ ಕೋಳಿ ಕವುಚಿಡುತ್ತಿದ್ದ ಬಿದಿರುಬುಟ್ಟಿಯನ್ನು ಮಾದಣ್ಣ ಕೊಯ್ದು ಅಲ್ಲಿಗೆ ಬಡಿದ. "ಇನ್ನು ಬುಟ್ಟಿ ಯಾಕೆ? ಬಂಗ್ಲೇನೇ ಆಯ್ತಲ್ಲಾ!"

ಮಧ್ಯಾಹ್ನ ಹೋಗಿ ಸಂಜೆಯಾಯಿತು. ಗೂಡು ಕುಡಿದವನಂತೆ ಒಂದು ಕಡೆ ವಾಲಿಕೊಂಡೇ ಲಿಂಗಯ್ಯನ ಹೊಲ ಸೇರಿತು. ಒಳಗಿದ್ದ ಏಳು ಕೋಳಿಗಳೂ ಜಾರಿ ಒಂದೇ ಮೂಲೆಗೆ ಬಿದ್ದು ಊರು ಕೇಳುವ ಹಾಗೆ ಅರಚಿದವು. ಪಾಪ, ಒಂದಿಷ್ಟು ಮೇಯಲಿ ಎಂದು ಪುಟ್ಟಮಾದು ಅವನ್ನು ಹೊರಗೆ ಬಿಟ್ಟ.

ಹೊತ್ತು ಮುಳುಗಿತು. ಕೋಳಿಗಳು ಬಂಗಲೆಯ ಕಡೆ ತಿರುಗಿಯೂ ನೋಡದೆ, ದಿನದಂತೆ ಸಾಲು ಹಿಡಿದು ಮನೆಗೆ ಹೊರಟವು. ಜಗುಲಿಯಲ್ಲಿ ಬುಟ್ಟಿ ಇಲ್ಲ. ಎದುರಿಗೆ ನೋಡಿದರೆ ಗುರುಮಲ್ಲಯ್ಯನವರ ಹಿತ್ತಲಿಗೆ ಬಾಗಿಲೇ ಇಲ್ಲ!

ಪುಟ್ಟಮಾದು ಏದುಸಿರು ಬಿಡುತ್ತ ಓಡಿಬಂದಾಗ ಹುಂಜ ಗುರುಮಲ್ಲಯ್ಯನವರ ತುಳಸಿಕಟ್ಟೆಯ ಮೇಲೆ ಕೂತಿತ್ತು. ಬಸ್ಸಿಳಿದು ಬಂದ ಗುರುಮಲ್ಲಯ್ಯನವರು ಅದರೆದುರು ಕೈಚೀಲ ಹಿಡಿದು ನಿಂತಿದ್ದರು.

"ನಾಳೆ ಸಂತೆ," ಎಂದಷ್ಟೇ ಹೇಳಿ ಒಳಗೆ ಹೋದರು.

ಪುಟ್ಟಮಾದು ಅಲ್ಲೇ ಕುಸಿದು ಕೂತ. ಮನೆಯೊಳಗೆ ಕೂಸು ಅಳುತ್ತಿತ್ತು, ಚಿಕ್ಕನಿಂಗಮ್ಮನ ಬೈಗುಳ ಶುರುವಾಗಿತ್ತು. ಬೆಳಗಿನಿಂದ ಬೆವರು ಸುರಿಸಿದ್ದಕ್ಕೆ ಅವನಿಗೆ ಅಳುವೇ ಬಂತು.

ಮಾದಣ್ಣ ಬಂದು ಹೆಗಲ ಮೇಲೆ ಕೈಯಿಟ್ಟ.

"ಅಳ್ಬೇಡ ಬುಡ್ಲಾ. ಚಕ್ರ ಹಾಕಿದ್ದು ಎಷ್ಟು ಒಳ್ಳೇದಾಯ್ತು ನೋಡು. ಸಂತೆಗೆ ಹಂಗೇ ತಳ್ಕೊಂಡು ಓಗ್ಬೋದು."