ನಿಂತಲ್ಲೇ ಸವೆದ ಗಾಲಿ

ಮುನ್ನೂರ ಹತ್ತು ರೂಪಾಯಿ ಹೇಳಿದ ಸೈಕಲ್ಲನ್ನು ನಾನು ಇನ್ನೂರ ಎಂಬತ್ತೈದಕ್ಕೆ ತಂದೆ. ಮೇಲೆ ಗಂಟೆ, ಸೀಟಿನ ಕವರು, ಗಾಳಿ ಹೊಡೆಯುವ ಪಂಪು ಪುಕ್ಕಟೆ. ಇಷ್ಟು ಹೇಗೆ ಇಳಿಯಿತು ಎಂದು ಸಿಂದಗಿಯಲ್ಲಿ ಅನೇಕರು ಕೇಳಿದ್ದಾರೆ, ನಿಮಗೂ ಹೇಳಿಬಿಡುತ್ತೇನೆ. ಬಿಜಾಪುರದ ಆ ಅಂಗಡಿಗೆ ನಾನು ಕಾಲಿಟ್ಟದ್ದು ಮಟಮಟ ಮಧ್ಯಾಹ್ನ, ಅಂಗಡಿಯವನ ಮನೆಯಿಂದ ಊಟದ ಡಬ್ಬಿ ಬಂದು ಕೂತ ಹೊತ್ತಿಗೆ. ನಾನೋ ಬಸ್‌ಸ್ಟ್ಯಾಂಡಿನಲ್ಲೇ ಕಟ್ಟಿಕೊಂಡು ಬಂದ ರೊಟ್ಟಿ ಉಂಡು, ನೀರು ಕುಡಿದು ಹೋಗಿದ್ದೆ. ಹಸಿದವನು ಉಂಡವನೊಡನೆ ಎಷ್ಟು ಹೊತ್ತು ಜಗ್ಗಾಡಿಯಾನು? ಅವನು ಒಂದೊಂದು ರೂಪಾಯಿ ಇಳಿಸಿದಾಗಲೂ ನಾನು ಡಬ್ಬಿಯ ಕಡೆ ನೋಡಿ, "ಊಟಾ ಮಾಡ್ರಿ ಸಾವಕಾರ್ರ, ನನಗೇನ ಅವಸರ ಇಲ್ಲ" ಎನ್ನುತ್ತಿದ್ದೆ. ಕೊನೆಗೆ, "ತಗೊಂಡ ಹೋಗ್ರಿ ಮಾರಾಯ್ರ, ಪಲ್ಲೆ ಆರಾಕತ್ತೈತಿ" ಎಂದು ಪಂಪನ್ನೂ ಕೈಗಿಟ್ಟ.

ಕಂಬಳಿ ವ್ಯಾಪಾರ ನನ್ನದು. ಕುರಿಹಟ್ಟಿಗಳಿಂದ ಉಣ್ಣೆ ತಂದು, ಮನೆಯಲ್ಲಿ ನೂಲು ಮಾಡಿಸಿ, ನೇಯಿಸಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸಂತೆಗಳಲ್ಲಿ ಮಾರುತ್ತೇನೆ. ಹಳ್ಳಿಗಳಿಗೆ ಹೆಗಲ ಮೇಲೆ ಗಂಟು ಹೊತ್ತು ನಡೆದು ನಡೆದು, ಇನ್ನು ಗಂಟಾದರೂ ಕೂತುಕೊಂಡು ಹೋಗಲಿ ಎಂದು ಸೈಕಲ್ ತಂದದ್ದು. ಅದನ್ನು ಬಸ್ಸಿನ ತಲೆಯ ಮೇಲೆ ಹೇರಿದಾಗ ನಾನೂ ಅಲ್ಲೇ ಹತ್ತಿ ಕೂತೆ. "ಒಳಗ ಬರ್ರಿ, ಜಾಗಾ ಐತಿ" ಎಂದು ಕಂಡಕ್ಟರು ಕರೆದ. ನನಗೆ ಜಾಗ ಇತ್ತು, ಸೈಕಲ್ಲಿಗೆ ಇರಲಿಲ್ಲವಲ್ಲ! ದಾರಿಯುದ್ದಕ್ಕೂ ಅದರ ಹ್ಯಾಂಡಲ್ಲನ್ನು ತಬ್ಬಿಕೊಂಡೇ ಬಂದೆ.

ಮನೆಗೆ ಬಂದ ಮೇಲೆ ಗೊತ್ತಾಯಿತು, ನಮ್ಮ ನಾಡು ಹೊಸ ಸೈಕಲ್ಲಿಗೆ ತಕ್ಕದ್ದಲ್ಲ. ಬೇಸಿಗೆಯಲ್ಲಿ ದಾರಿ ತುಂಬ ಜಾಲಿಮುಳ್ಳು. ಮಳೆ ಬಿದ್ದರೆ ಎರೆಮಣ್ಣು ಗಾಲಿಗೂ ಮಡಗಾರ್ಡಿಗೂ ನಡುವೆ ಹೊಕ್ಕು ಹಿಟ್ಟಿನ ಮುದ್ದೆಯಂತೆ ಗಚ್ಚಾಗುತ್ತದೆ; ಆಗ ಸೈಕಲ್ಲೇ ನಮ್ಮ ಹೆಗಲು ಹತ್ತುತ್ತದೆ. ಹೀಗಾಗಿ ಅದನ್ನು ಪಡಸಾಲೆಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಮುಂದಿನ ಗಾಲಿಗೆ ಸರಪಳಿ ಸುತ್ತಿ ಕಂಬಕ್ಕೆ ಬೀಗ ಹಾಕಿದೆ. ಪೈಪುಗಳಿಗೆ ಸುತ್ತಿದ ಕಾಗದವನ್ನೂ ಬಿಚ್ಚಲಿಲ್ಲ. ಹೊಸ ಟಾಯರಿನ ಮೇಲೆ ಎಳೆಗೂಸಿನ ತಲೆಯಲ್ಲಿದ್ದಂತೆ ಸಣ್ಣ ಸಣ್ಣ ರಬ್ಬರಿನ ಕೂದಲು ಇರುತ್ತವೆ, ನೋಡಿದ್ದೀರಾ? ಅವುಗಳ ಮೇಲೆ ದಿನಾ ಬೆಳಿಗ್ಗೆ ಬೆರಳಾಡಿಸದೆ ನನಗೆ ಚಹಾ ರುಚಿಸುತ್ತಿರಲಿಲ್ಲ. ಅದಾದ ಮೇಲೆ ಗಂಟು ಹೊತ್ತು ಮೊದಲಿನಂತೆ ನಡೆದೇ ಹೋಗುತ್ತಿದ್ದೆ.

ಪಕ್ಕದ ಮನೆಯ ರಾಚಪ್ಪ ಮಾಸ್ತರರು ಸಂಜೆ ಸೈಕಲ್ ನೋಡುವ ನೆವದಲ್ಲಿ ಬಂದು, "ಆಲಮೇಲದ ತನಕಾ ಹೋಗಿ ಬರೂದಿತ್ತು..." ಎಂದು ಮಾತು ಅರ್ಧಕ್ಕೆ ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಮನೆಗೆ ಬಂದವರಿಗೆ ಇಲ್ಲ ಅನ್ನುವ ರೂಢಿ ನಮ್ಮಲ್ಲಿಲ್ಲ. ಇಲ್ಲ ಅನ್ನದೆ ಹೂಂ ಅನ್ನದೆ ಹೊತ್ತು ಕಳೆಯಬೇಕಾದರೆ ಉಪದೇಶದಂಥ ಉಪಾಯ ಬೇರೆ ಇಲ್ಲ. ನಾನು ಡೈನಮೋದ ವಿಷಯ ತೆಗೆಯುತ್ತಿದ್ದೆ. "ದೀಪದ ಸಲುವಾಗಿ ಡೈನಮೋ ಮಾತ್ರ ಹಚ್ಚಬ್ಯಾಡ್ರಿ ಮಾಸ್ತರ್ರ. ಅದು ಗಾಲಿ ಮಗ್ಗಲಿಗೆ ಒತ್ತಿಕೊಂಡ ನಿಂತ್ರ ಸಾಕು, ಗಾಲಿ ಜೋಡಿ ತಾನೂ ಗಿರ್ರನ ತಿರಗತೈತಿ. ದೀಪ ಹತ್ತತೈತಿ ಖರೆ, ಟಾಯರ್ ಸವದ ಹೋಗತೈತಿ!" ತಮ್ಮ ಹತ್ತಿರ ಸೈಕಲ್ಲೇ ಇಲ್ಲವೆಂದು ಮಾಸ್ತರರು ನೆನಪಿಸುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಮೂಲೆಯಲ್ಲಿ ಕೈಯಿಂದ ತಕಲಿ ತಿರುಗಿಸಿ ಉಣ್ಣೆ ನೂಲುತ್ತ ಕೂತ ನಮ್ಮ ಅವ್ವ ಇದನ್ನೆಲ್ಲ ಕೇಳುತ್ತಿದ್ದಳು.

ಅವ್ವ ತಕಲಿ ಹಿಡಿದದ್ದಕ್ಕೂ ಒಂದು ಹಿನ್ನೆಲೆ ಇದೆ. ಅವಳ ನೂಲುವ ರಾಟಿಯ ದೊಡ್ಡ ಗಾಲಿ ಯುಗಾದಿಯ ಹೊತ್ತಿಗೇ ಮುರಿದಿತ್ತು. ಹೊಸದಕ್ಕೆ ಬಡಿಗೇರ ಕೇಳಿದ ದರ ನನಗೆ ಸರಿಬರಲಿಲ್ಲ. ಅವನು ಇಳಿದ, ನಾನು ಏರಲಿಲ್ಲ. ಸಂತೆಯಲ್ಲಿ ಭೇಟಿಯಾದಾಗಲೆಲ್ಲ, "ಏನ್ರಿ, ಮಾಡ್ಲ್ಯಾ?" ಎಂದು ಅವನು, "ಅವಸರೇನೈತಿ?" ಎಂದು ನಾನು. ಅವಸರ ನಿಜವಾಗಿಯೂ ಇರಲಿಲ್ಲ. ಯಾಕೆಂದರೆ ಸೈಕಲ್ ಮನೆಗೆ ಬಂದ ಮೇಲೆ ಅವ್ವನ ನೂಲು ರಾಟಿಯಿದ್ದಾಗಿನದಕ್ಕಿಂತ ಹೆಚ್ಚು ಬರತೊಡಗಿತ್ತು. "ನೋಡು, ಕೈ ಪಳಗಿದ್ರ ರಾಟಿ ಯಾಕ ಬೇಕು?" ಎಂದು ಹೆಂಡತಿ ನೀಲವ್ವನಿಗೆ ಹೇಳಿದೆ. ಅವಳು ಒಲೆ ಊದುತ್ತಲೇ ಇದ್ದಳು. ಹೊಗೆಗೆ ಕೆಮ್ಮಿದಳೋ, ನಕ್ಕಳೋ ತಿಳಿಯಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ದಿನಾ ಕೈ ಹೋಗದ ಹಿಂದಿನ ಟಾಯರಿನ ಬಲಮಗ್ಗುಲಿಗೆ ಬೆರಳಾಡಿಸಿದರೆ ಕೂದಲೇ ಇಲ್ಲ! ಸುತ್ತಲೂ ಬೆರಳಗಲದ ಒಂದು ನುಣುಪು ಗೆರೆ, ಕ್ಷೌರ ಮಾಡಿದಂತೆ. ಮುಂದಿನ ಟಾಯರು ಮಾತ್ರ ಹಾಗೇ ಇತ್ತು. ಬೀಗ ಬೀಗದಂತೆ, ಸರಪಳಿ ಸರಪಳಿಯಂತೆ. ಕಂಬ ಕಿತ್ತುಕೊಂಡು ಆಲಮೇಲಕ್ಕೆ ಹೋಗಿ ಬರಲು ರಾಚಪ್ಪ ಮಾಸ್ತರರಿಂದ ಆಗುವ ಮಾತಲ್ಲ. ನಿಂತ ಸೈಕಲ್ಲಿನ ಗಾಲಿ ಹೇಗೆ ಸವೆದೀತು? ಅದೂ ಒಂದೇ ಗಾಲಿ, ಅದೂ ಒಂದೇ ಮಗ್ಗುಲು? ಇಲಿ ಎಂದುಕೊಂಡೆ, ಇಲಿಗೆ ಇಷ್ಟು ಗೋಲಾಗಿ ಕಡಿಯಲು ಕಲಿಸಿದವರು ಯಾರು? ನನಗೆ ಸಿಟ್ಟು ಬರಬೇಕಿತ್ತು. ಆದರೆ ಕುತೂಹಲ ಎಷ್ಟು ಹೆಚ್ಚಾಯಿತೆಂದರೆ ಸಿಟ್ಟಿಗೆ ಸರದಿಯೇ ಸಿಗಲಿಲ್ಲ.

ಬಾಗೇವಾಡಿ ಸಂತೆಗೆ ಹೋಗುವ ದಿನ ಹಿಂದಿನ ಗಾಲಿಯ ವಾಲ್ವು ಬಿಚ್ಚಿ ಕಿಸೆಯಲ್ಲಿಟ್ಟುಕೊಂಡೆ. ಗಾಳಿ ಇಲ್ಲದ ಗಾಲಿಯನ್ನು ಯಾರು ಏನು ಮಾಡಿಯಾರು, ನೋಡೋಣ! ಸಂಜೆ ಬಂದರೆ ಗೆರೆ ಎಷ್ಟಿತ್ತೋ ಅಷ್ಟೇ ಇತ್ತು. ಅವ್ವ ಮಾತ್ರ ಭುಜ ಒತ್ತಿಕೊಳ್ಳುತ್ತ, "ಇವತ್ತ ಯಾಕೋ ನೂಲ ಆಗ್ಲಿಲ್ಲಪಾ" ಎಂದಳು. ನೀಲವ್ವ ರೊಟ್ಟಿ ಹಾಕುತ್ತ, "ಏನ್ರಿ, ಹಿಂದಿನ ಗಾಲ್ಯಾಗ ಗಾಳಿ ಇಲ್ಲ, ನೋಡಿರೇನು? ಹೊಸಾ ಸೈಕಲ್, ಹಂಗ ನಿಂತ್ರ ಟಾಯರ್ ಸೀಳತೈತಂತ. ಉಂಡ ಕೂಡ್ಲೇ ಹೊಡದ ಬಿಡ್ರಿ" ಎಂದಳು. ಮದುವೆಯಾದಾಗಿನಿಂದ ನನ್ನ ಒಂದು ವಸ್ತುವಿನ ಬಗ್ಗೆ ಅವಳು ಇಷ್ಟು ಕಾಳಜಿ ತೋರಿಸಿದ್ದು ಅದೇ ಮೊದಲು. ಮನಸ್ಸು ತುಂಬಿ ಬಂತು. ಕೈ ತೊಳೆದವನೇ ವಾಲ್ವು ಹಾಕಿ ಗಟ್ಟಿಯಾಗಿ ಗಾಳಿ ಹೊಡೆದೆ.

ಮುಂದಿನ ವಾರ ಇಂಡಿ ಸಂತೆಗೆಂದು ಹೊರಟವನು ಬಸ್‌ಸ್ಟ್ಯಾಂಡಿನಲ್ಲಿ ಗಂಟು ಇಟ್ಟು, ಚಹಾದಂಗಡಿಯವನಿಗೆ ನೋಡಿಕೋ ಎಂದು ಹೇಳಿ ತಿರುಗಿ ಬಂದೆ. ಓಣಿಯಲ್ಲೇ ಸದ್ದು ಕೇಳಿತು. ಗಿರ್ರ್, ಗಿರ್ರ್. ಬಾಗಿಲು ತಳ್ಳಿದೆ. ನೀಲವ್ವ ಮಣೆ ಹಾಕಿಕೊಂಡು ಕೂತು ಕೈಯಿಂದ ಪೆಡಲು ತಿರುಗಿಸುತ್ತಿದ್ದಾಳೆ. ಹಿಂದಿನ ಗಾಲಿ ಗಾಳಿಯಲ್ಲಿ ಸುಂಯ್ಯೆಂದು ತಿರುಗುತ್ತಿದೆ. ಅದರ ಮಗ್ಗುಲಿಗೆ ಮುರುಕು ರಾಟಿಯ ಕದಿರು, ನೂಲು ಸುತ್ತುವ ಆ ಕಬ್ಬಿಣದ ಕಡ್ಡಿ, ಒತ್ತಿಕೊಂಡು, ಕಣ್ಣಿಗೆ ಕಾಣದಷ್ಟು ಜೋರಾಗಿ ಸುತ್ತುತ್ತಿದೆ. ಅವ್ವ ಉಣ್ಣೆಯ ಹಂಜಿ ಹಿಡಿದು ಎಳೆ ಎಳೆಯುತ್ತಿದ್ದಾಳೆ. ನನ್ನನ್ನು ಕಂಡು ನೀಲವ್ವ ಪೆಡಲು ಬಿಟ್ಟಳು. ಗಾಲಿ ಮಾತ್ರ ನಿಲ್ಲಲಿಲ್ಲ. ಅಷ್ಟು ಚೆನ್ನಾಗಿ ನಾನೇ ಎಣ್ಣೆ ಹಾಕಿದ್ದೆ.

ಬೈಯಬೇಕೆಂದೇ ಬಾಯಿ ತೆರೆದೆ. ಬಂದದ್ದು, "ಕದರ ಜಾರೂದಿಲ್ಲೇನವ್ವಾ?"

"ಮೊದಲ ಜಾರತಿತ್ತಪಾ. ಒಂದ ತೊಗಲಿನ ತುಣುಕ ಸುತ್ತೀನಿ ನೋಡು."

"ಇದನ್ಯಾರು ಹೇಳಿಕೊಟ್ರು ನಿನಗ?"

"ನೀನ ಅಲ್ಲೇನೋ! ದಿನಾ ಸಂಜಿಕ ಮಾಸ್ತರಗ ಹೇಳತಿದ್ದಿ, ಮಗ್ಗಲಿಗೆ ಒತ್ತಿಕೊಂಡ್ರ ಸಾಕು, ತಾನೂ ತಿರಗತೈತಿ ಅಂತ. ಆ ಮಾಸ್ತರಗ ತಿಳೀಲಿಲ್ಲ, ನನಗ ತಿಳೀತು."

"ಟಾಯರ್ ಸವೀತೈತಿ ಅಂತನೂ ಹೇಳಿದ್ದೆನಲ್ಲ?"

"ಭುಜಾ ಸವದಿತ್ತು ತಮ್ಮಾ, ನೀ ನೋಡ್ಲಿಲ್ಲ" ಎಂದು ಅವ್ವ ಹರಿದ ಎಳೆ ಹೊಸೆದಳು.

ನಾನು ಬಂದ ದಾರಿಯಲ್ಲೇ ಬಡಿಗೇರನ ಮನೆಗೆ ಹೋಗಿ, ಅವನು ಕೇಳಿದಷ್ಟೂ ಕೊಡುತ್ತೇನೆ, ಗಾಲಿ ಮಾಡು ಎಂದೆ. ಅವನು ಉಳಿ ಕೆಳಗಿಟ್ಟು, "ಮೈಯಾಗ ಆರಾಮ ಐತಿಲ್ರಿ?" ಎಂದ. ಗಾಲಿ ಬಂತು. ಅವ್ವ ಅದನ್ನು ಒಂದು ಸಲ ತಿರುಗಿಸಿ ನೋಡಿ ಗೋಡೆಗೆ ಆನಿಸಿಟ್ಟಳು. "ಚಲೋ ಐತಿ. ಆದ್ರ ನನಗ ಆ ಸೈಕಲ್ಲ ಇರಲಿ." ಇಡೀ ದಿನ ಆಗುವುದಿಲ್ಲ, ಮುಂಜಾನೆ ಮಾತ್ರ ಎಂದು ಚೌಕಾಸಿಗೆ ಕೂತೆ. ಅವಳು ಆಗಷ್ಟೇ ಉಂಡು ಎದ್ದಿದ್ದಳು. ನನಗೆ ಹಸಿವಾಗಿತ್ತು.

ಈಗಲೂ ಗಂಟು ಹೊತ್ತು ನಡೆದೇ ಹೋಗುತ್ತೇನೆ. "ಸೈಕಲ್ ಎಲ್ಲೈತ್ರಿ?" ಎಂದು ದಾರಿಯಲ್ಲಿ ಕೇಳಿದರೆ, "ಮನ್ಯಾಗ ದುಡಿಯಾಕತ್ತೈತಿ" ಎನ್ನುತ್ತೇನೆ. ನಿಮಗೆ ಹೇಳುವುದಿಷ್ಟೇ. ಸೈಕಲ್ ಕೊಳ್ಳುವುದಿದ್ದರೆ ಉಂಡು ಹೋಗಿ. ಎಲ್ಲರೂ ಗಂಟೆ ಬಾರಿಸಿ ನೋಡುತ್ತಾರೆ, ನೀವು ಸ್ಟ್ಯಾಂಡು ಒದ್ದು ನೋಡಿ, ಗಟ್ಟಿ ಇರಲಿ. ಪೆಡಲಿಗೆ ಎಣ್ಣೆ ತಪ್ಪಿಸಬೇಡಿ. ಹಿಂದಿನ ಟಾಯರು ಎರಡು ಕೊಳ್ಳಿ, ಜೋಡಿ ತೆಗೆದುಕೊಂಡರೆ ದರ ಇಳಿಯುತ್ತದೆ. ಮತ್ತೆ ನೆರೆಯವರಿಗೆ ಉಪದೇಶ ಮಾಡುವ ಮೊದಲು ಮೂಲೆಯಲ್ಲಿ ಯಾರು ಕೂತಿದ್ದಾರೆಂದು ಒಮ್ಮೆ ತಿರುಗಿ ನೋಡಿಕೊಳ್ಳಿ.