ಟೈಪ್ ಮಾಡಿ ನೋಡಿದವರು ಯಾರಾದರೂ ಇದ್ದೀರಾ?

ಚಾಮರಾಜನಗರದಲ್ಲಿ ಕೂತು ವಿಜ್ಞಾನಿಗಳಿಗೂ ಎಂಜಿನಿಯರುಗಳಿಗೂ ಕನ್ನಡದಲ್ಲಿ ಕಂಪ್ಯೂಟರ್ ಪತ್ರಿಕೆ ತರುತ್ತೇನೆ ಅಂತ ಹೊರಟವನಿಗೆ ಇಂಥವು ಆಗದೆ ಇನ್ನೇನಾದೀತು? ಒಂದು ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಬಂದು ನಿಂತಿರುತ್ತೆ.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ ನಿವೃತ್ತನಾದವನು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಪತ್ರಿಕೆಯ ಕಡೇ ಪುಟದಲ್ಲಿ ತಪ್ಪದೆ ಒಂದು ಪ್ರೋಗ್ರಾಂ ಕೊಡುತ್ತೇನೆ. ಕೆರೆಯಲ್ಲಿ ನೀರೆಷ್ಟಿದೆ, ತೊಲೆ ಎಷ್ಟು ಭಾರ ತಡೆಯುತ್ತೆ, ಇಂಥ ಲೆಕ್ಕಗಳು. ಮೊಬೈಲಿಗೆ ಕಳಿಸಿಬಿಡಿ ಸಾರ್ ಎನ್ನುವವರಿದ್ದಾರೆ. ಕಳಿಸಲ್ಲ. ಕೈಯಾರೆ ಟೈಪ್ ಮಾಡಿದರೇ ತಲೆಗೆ ಹತ್ತೋದು.

ಒಂದು ದಿನ ನನ್ನ ಹೆಂಡತಿ ಅವರೆಕಾಯಿ ಸುಲಿಯುತ್ತಾ ಕೇಳಿದಳು, "ಅಲ್ಲಾ ಕಣ್ರೀ, ಆ ಕಡೇ ಪುಟದ್ದನ್ನ ಒಬ್ಬರಾದ್ರೂ ಟೈಪ್ ಮಾಡಿ ನೋಡವ್ರಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ಯುಗಾದಿಯೊಳಗೆ ಅಂಥ ಒಬ್ಬ ಓದುಗ ಸಿಗದಿದ್ದರೆ ಪತ್ರಿಕೆ ಮುಚ್ಚಿಬಿಡ್ತೀನಿ. ಸಿಕ್ಕಿದರೆ ನೀನು ಅವರಿಗೆಲ್ಲ ಹೋಳಿಗೆ ಊಟ ಹಾಕಬೇಕು" ಎಂದೆ.

"ಹಾಕನ ಬುಡಿ" ಎಂದಳು. "ಒಂದು ಎಲೆ ತಾನೆ?"

ಹಲ್ಲು ಹಲ್ಲಾದ ಅಂಚು

ನಮ್ಮ ಪ್ರೆಸ್ಸಿನ ಯಜಮಾನರು ಲಗ್ನಪತ್ರಿಕೆ ಅಚ್ಚು ಹಾಕುವುದರಲ್ಲಿ ಎತ್ತಿದ ಕೈ. ನಾನು ಪ್ರೋಗ್ರಾಂ ಬರೆಯುವ ಭಾಷೆಯಲ್ಲಾದರೋ ಸಾಲಿನ ಎಡಗಡೆ ಬಿಡುವ ಖಾಲಿ ಜಾಗಕ್ಕೂ ಅರ್ಥವಿದೆ. ಅದು ಹೆಚ್ಚು ಕಡಿಮೆಯಾದರೆ ಪ್ರೋಗ್ರಾಂ ಓಡುವುದಿಲ್ಲ. ಕರಡು ನೋಡಿದರೆ ಸಾಲುಗಳೆಲ್ಲ ಪುಟದ ನಟ್ಟನಡುವೆ, ಗಂಡು ಹೆಣ್ಣಿನ ಹೆಸರಿನ ಹಾಗೆ ಒಂದರ ಕೆಳಗೊಂದು ನಿಂತಿವೆ.

"ಇದೇನ್ರೀ ಇದು?" ಎಂದು ಕೂಗಾಡಿದೆ.

"ಎಡಗಡೆ ಅಂಚು ಹಲ್ಲು ಹಲ್ಲಾಗಿತ್ತು ಸಾ. ಸರಿ ಮಾಡ್ಬುಟ್ಟೆ" ಎಂದರು.

ಅದು ಹಾಗೇ ಇರಬೇಕು, ಎಡಗಡೆ ಅಂಚನ್ನು ಯಾವ ಕಾಲಕ್ಕೂ ಮುಟ್ಟಕೂಡದು ಎಂದು ಅರ್ಧ ಗಂಟೆ ಪಾಠ ಮಾಡಿದೆ. ಅವರು ಕನ್ನಡಕ ಹಣೆಗೇರಿಸಿ ಕರಡನ್ನು ಇನ್ನೊಂದು ಸಲ ನೋಡಿದರು.

"ಆಯ್ತು ಸಾ, ನೀವು ಯೋಳ್ದಂಗೇ ಅಚ್ಚಾಕ್ತೀನಿ. ಆದ್ರೆ ಕೆಳಗಡೆ ನಮ್ ಪ್ರೆಸ್ ಹೆಸ್ರು ಮಾತ್ರ ಬ್ಯಾಡ."

ಪೂಜೆಗಿಟ್ಟ ಸಂಚಿಕೆ

ಓದುಗ ತಾನಾಗಿ ಬಾರದಿದ್ದರೆ ನಾನೇ ಹುಡುಕಿಕೊಂಡು ಹೋಗುವುದು ಅಂತ ಗುಂಡ್ಲುಪೇಟೆ ಬಸ್ಸು ಹತ್ತಿದೆ. ಅಲ್ಲಿನ ಒಂದು ಕಚೇರಿಯ ಎಂಜಿನಿಯರು ನಮ್ಮ ಹಳೇ ಚಂದಾದಾರರು. ಬೀರುವಿನ ಮೇಲೆ ದೇವರ ಪಟದ ಪಕ್ಕದಲ್ಲೇ ನಮ್ಮ ಪತ್ರಿಕೆ! ಕಣ್ಣು ತುಂಬಿ ಬಂತು. ಹತ್ತಿರ ಹೋಗಿ ನೋಡಿದೆ. ಮೂಲೆ ಮೂಲೆಗೆ ಕುಂಕುಮ, ಮೇಲೊಂದು ಒಣಗಿದ ಚೆಂಡು ಹೂವು. ಬಿಚ್ಚಿದ ಗುರುತೇ ಇಲ್ಲ.

"ಇದು ದಸರಾ ಸಂಚಿಕೆ ಅಲ್ವಾ ಸಾರ್? ಸಂಕ್ರಾಂತಿಯೂ ಕಳೀತು. ಇನ್ನೂ ತೆಗೆದೇ ಇಲ್ಲವಾ?"

"ಆಯುಧಪೂಜೇಲಿ ಇಟ್ಟಿದ್ವಿ ಸಾರ್, ಕಂಪ್ಯೂಟರ್ ಜೊತೇಲಿ. ಪೂಜೆಗಿಟ್ಟ ಪುಸ್ತಕಾನ ವಿಜಯದಶಮಿ ದಿನ ತೆಗೆಯೋವರೆಗೂ ಓದಬಾರದಲ್ವಾ?"

"ಹೌದು, ವಿಜಯದಶಮಿ ದಿನ ತೆಗೀಬೇಕಿತ್ತಲ್ಲ!"

"ಅವತ್ತು ನಮಗೆ ರಜಾ ಇತ್ತು ಸಾರ್."

ಹುಲಿ

ಸೋಲೊಪ್ಪುವ ಗಿರಾಕಿ ನಾನಲ್ಲ. ಬಂಡೀಪುರದಲ್ಲಿ ಕೆಲಸ ಮಾಡುವ ಒಬ್ಬ ಸಂಶೋಧಕರಿಂದ ಲೇಖನ ಬರೆಸಿದೆ. ಕಾಡಿನಲ್ಲಿ ಕಟ್ಟಿದ ಕ್ಯಾಮೆರಾ ತೆಗೆದ ಫೋಟೋಗಳನ್ನು ಕಂಪ್ಯೂಟರೇ ನೋಡಿ, ಹುಲಿ ಯಾವುದು ಜಿಂಕೆ ಯಾವುದು ಅಂತ ಹೇಳುವ ವಿದ್ಯೆ ಅದು. ಕಂಪ್ಯೂಟರ್ ತಪ್ಪುವುದೂ ಉಂಟು ಎನ್ನುವುದಕ್ಕೆ ಒಂದು ಫೋಟೋ ಹಾಕಿದ್ದೆವು. ಪಟ್ಟೆ ಪಟ್ಟೆ ಜಮಖಾನ ಹೊದ್ದ ಫಾರೆಸ್ಟ್ ವಾಚರ್ ಒಬ್ಬರು ನಡೆದು ಹೋಗುತ್ತಿದ್ದಾರೆ. ಕೆಳಗೆ ಕಂಪ್ಯೂಟರಿನ ಷರಾ: ಹುಲಿ.

ಸ್ವಲ್ಪ ದಿನಕ್ಕೆ ಆ ವಾಚರ್ ನಮ್ಮ ಮನೆ ಹುಡುಕಿಕೊಂಡು ಬಂದೇಬಿಟ್ಟರು. ಜಗಳಕ್ಕೇ ಬಂದಿರಬೇಕು ಅಂತ ನಾನು ಮೊದಲೇ ಕೈಮುಗಿದೆ.

"ಅಯ್ಯೋ, ಅದ್ಕಲ್ಲ ಸಾ. ಆ ಪುಸ್ತಕ ಇನ್ನೊಂದಿದ್ರೆ ಕೊಡಿ. ನಂದ್ನ ಮನೆಯೋಳು ಕಿತ್ಕೊಂಡು ಊರಿಗೆಲ್ಲಾ ತೋರುಸ್ತಾವ್ಳೆ."

"ಹೆಮ್ಮೆ ಇರಬೇಕು ಬಿಡಿ."

"ಎಲ್ಲಿ ಎಮ್ಮೆ ಸಾ! 'ಇವನ್ನ ಉಲಿ ಅಂದದಲ್ಲಾ ಆ ಕಂಪ್ಯೂಟ್ರು, ಅದೊಂದಿನ ನಮ್ಮನೇಲಿ ಬಂದು ಇದ್ದು ನೋಡ್ಲಿ' ಅಂತ ಬಿದ್ದು ಬಿದ್ದು ನಗ್ತಾವ್ಳೆ."

ಮೇಲಿನ ಸಾಲು

ಯುಗಾದಿ ಹತ್ತಿರ ಬಂತು. ಮನೆಯಲ್ಲಿ ಸುಣ್ಣ ಬಳಿಯುತ್ತಿದ್ದರು. ನಾನು ಪ್ರೆಸ್ಸಿನಲ್ಲಿ ಮುಂದಿನ ಸಂಚಿಕೆಯ ಕರಡು ಹಿಡಿದು ಕೂತಿದ್ದೆ. ಇದೇ ಕೊನೆಯದಾಗುತ್ತೇನೋ ಎಂಬ ಸಂಕಟ ಒಳಗೊಳಗೇ ಕೊರೆಯುತ್ತಿತ್ತು. ಆಡಿದ ಮಾತು ತಪ್ಪುವವನಲ್ಲ ನಾನು, ಅದೇ ಪೇಚು.

ಆಗ ಲ್ಯಾಪ್‌ಟಾಪ್ ಬ್ಯಾಗು ನೇತುಹಾಕಿಕೊಂಡು ಒಬ್ಬ ಹೆಣ್ಣುಮಗಳು ಒಳಗೆ ಬಂದರು. ಕುದೇರಿನವರು, ಅಂತರ್ಜಲದ ಕೆಲಸ ನೋಡುವ ಎಂಜಿನಿಯರು. ಮುಖ ಕೆಂಪಾಗಿತ್ತು.

"ಸಾರ್, ಹೋದ ಸಂಚಿಕೇಲಿ ಕೆರೆ ನೀರಿನ ಲೆಕ್ಕ ಕೊಟ್ಟಿದ್ದಿರಲ್ಲ, ಅದು ಮೊದಲನೇ ಸಾಲಲ್ಲೇ ನಿಂತೋಗ್ತದೆ."

ಕರಡು ಕೆಳಗಿಟ್ಟು ಎದ್ದು ನಿಂತೆ. "ನೀವು... ಟೈಪ್ ಮಾಡಿದ್ರಾ?"

"ಪೂರ್ತಿ ಮಾಡಿದೆ. ನಿಮ್ಮ ಮನೆಗೂ ಹೋಗಿದ್ದೆ. ಟೈಪ್ ಮಾಡಿದೆ ಅಂದಿದ್ದಕ್ಕೆ ಅಮ್ಮ ಸುಣ್ಣದ ಕೈಯಲ್ಲೇ ನನ್ನ ಕೈ ಹಿಡ್ಕೊಂಡು 'ಒಳ್ಳೇದಾಗಲಿ ಕಣಮ್ಮಿ' ಅಂದ್ರು. ಯಾಕೆ ಸಾರ್?"

ಅದನ್ನ ಆಮೇಲೆ ಹೇಳ್ತೀನಿ ಅಂತ ಅವರ ಲ್ಯಾಪ್‌ಟಾಪ್ ಕಡೆ ತಿರುಗಿದೆ. ಮೊದಲನೇ ಸಾಲು ಹೀಗಿತ್ತು: "ಶ್ರೀ ಮಲೆ ಮಹದೇಶ್ವರ ಪ್ರಸನ್ನ."

ಪತ್ರಿಕೆ ತೆಗೆದು ನೋಡಿದೆ. ಅಲ್ಲೂ ಅದೇ, ಪ್ರೋಗ್ರಾಮಿನ ನೆತ್ತಿಯ ಮೇಲೆ. ನಾನು ತಿದ್ದಿಕೊಟ್ಟ ಕರಡಿನಲ್ಲಿ ಇದಿರಲಿಲ್ಲ. ಯಜಮಾನರ ಕಡೆ ಕೆಂಗಣ್ಣು ಬಿಟ್ಟೆ.

"ಎಡಗಡೆ ಮುಟ್ಬ್ಯಾಡ ಅಂದ್ರಿ, ಮುಟ್ನಿಲ್ಲ" ಎಂದರು ಅವರು. "ಮೇಲ್ಗಡೆ ವಿಚಾರ ಏನೂ ಯೋಳ್ನಿಲ್ವಲ್ಲ ಸಾ. ದೇವ್ರ ಹೆಸ್ರಿಲ್ದೆ ಬೋಳು ಬೋಳಾಗಿತ್ತು."

"ಅಲ್ಲಮ್ಮಾ, ದೇವರ ಹೆಸರು ಪ್ರೋಗ್ರಾಂ ಅಲ್ಲ ಅಂತ ಎಂಜಿನಿಯರಾಗಿ ನಿಮಗೆ ಗೊತ್ತಾಗಲಿಲ್ಲವಾ?" ಎಂದೆ.

"ಗೊತ್ತಾಯ್ತು ಸಾರ್. 'ಅಚ್ಚಾದಂತೆಯೇ ಟೈಪ್ ಮಾಡಿ, ಒಂದಕ್ಷರವನ್ನೂ ಬಿಡಕೂಡದು' ಅಂತ ದಪ್ಪಕ್ಷರದಲ್ಲಿ ನೀವೇ ಹಾಕಿದ್ರಿ, ಅದಕ್ಕೆ ಟೈಪ್ ಮಾಡ್ಬುಟ್ಟೆ. ಆಮೇಲೆ ಅಳಿಸೋಕೆ ಹೋದ್ರೆ ಕೈ ಬರಲಿಲ್ಲ. ಮಾದಪ್ಪ ನಮ್ಮ ಮನೆದೇವರು. ನನ್ನ ಕೈಯಾರೆ ಹೆಂಗೆ ಅಳಿಸಲಿ? ನೀವೇ ಅಳಿಸಿಕೊಡಿ ಅಂತ ಬಂದೆ."

ಇಷ್ಟೇ ತಾನೆ ಅಂತ ಧೈರ್ಯವಾಗಿ ಬೆರಳು ಮುಂದೆ ಮಾಡಿದೆ. ಅಳಿಸುವ ಕೀಲಿಯ ಮೇಲೆ ಬೆರಳು ನಿಂತೇಹೋಯಿತು. ಅವರು ನನ್ನನ್ನೇ ನೋಡುತ್ತಿದ್ದಾರೆ. ಯಜಮಾನರು ಚಪ್ಪಲಿ ಬಿಟ್ಟು ನಿಂತಿದ್ದಾರೆ. ನನ್ನ ಕೈಯೂ ಬರಲಿಲ್ಲ.

ಕೊನೆಗೆ ಉಪಾಯ ಹೊಳೆಯಿತು. ಸಾಲಿನ ಮುಂದೆ # ಗುರುತು ಹಾಕಿದರೆ ಕಂಪ್ಯೂಟರ್ ಆ ಸಾಲನ್ನು ಬಿಟ್ಟು ಮುಂದಕ್ಕೆ ಹೋಗುತ್ತೆ. ಹೆಸರೂ ಉಳಿಯಿತು, ಲೆಕ್ಕವೂ ಓಡಿತು, ಕೆರೆಯ ನೀರೂ ಪರದೆಯ ಮೇಲೆ ಬಂತು. ಆ ಹೆಣ್ಣುಮಗಳು ಚಪ್ಪಾಳೆ ತಟ್ಟಿದರು. ಯುಗಾದಿಗೆ ಊಟಕ್ಕೆ ಬರಲೇಬೇಕು ಎಂದು ಮಾತು ತೆಗೆದುಕೊಂಡು ಅವರನ್ನು ಬೀಳ್ಕೊಟ್ಟೆ.

ಇನ್ನು ಪತ್ರಿಕೆ ಮುಚ್ಚುವ ಪ್ರಶ್ನೆಯೇ ಇಲ್ಲ! ಖುಷಿಯಲ್ಲಿ ಯಜಮಾನರ ಹೆಗಲು ತಟ್ಟಿ, "ಹೋಗಲಿ, ಮುಂದಿನ ಸಂಚಿಕೇಲೂ ಮಾದಪ್ಪನ ಹೆಸರು ಇರಲಿ. ಹೆಸರಿನ ಮುಂದೆ ಆ ಗುರುತು ಮಾತ್ರ ಮರೀದೆ ಹಾಕಿ" ಎಂದೆ.

ಅವರು ಕರಡನ್ನೂ ನನ್ನ ಮುಖವನ್ನೂ ಬದಲಿಸಿ ಬದಲಿಸಿ ನೋಡಿದರು.

"ಗುರುತು ಯಾಕ್ ಸಾ? ಅದಾಕುದ್ರೆ ಲೆಕ್ಕ ಓಡ್ಬುಡ್ತದೆ. ಆಮೇಲೆ ಯಾರ್ ಬತ್ತಾರೆ ಇಲ್ಲೀಗಂಟ?"